ಕೊಳ್ಳುವವರ ಕೈಗೂ ಸಹಿಯಾದ ದಾಖಲೆ ಬರಲಿ

ಆನ್‌ಲೈನ್ ಖರೀದಿಯಲ್ಲಿ ತಕರಾರು ಎದ್ದರೆ ನಮ್ಮ ಕೈಯಲ್ಲಿರುವುದು ಒಂದೆರಡು ಸ್ಕ್ರೀನ್‌ಶಾಟ್. ಆರ್ಡರ್ ಮಾಡಿದ ದಿನ ವಸ್ತುವಿನ ವಿವರಣೆ ಏನಿತ್ತು, ಹಿಂದಿರುಗಿಸಲು ಎಷ್ಟು ದಿನ ಕೊಟ್ಟಿದ್ದರು ಎಂಬುದೆಲ್ಲ ಇರುವುದು ಕಂಪನಿಯ ಸರ್ವರ್‌ನಲ್ಲಿ. ಪ್ರತಿವಾದಿಯೇ ಸಾಕ್ಷ್ಯದ ಕಾವಲುಗಾರನಾಗಿರುವ ಈ ಏರ್ಪಾಡು ನನಗೆ ಅನ್ಯಾಯವೆಂದೇ ಕಾಣುತ್ತದೆ.

‘ಒಟಿಪಿ ಕೊಟ್ಟಿದ್ದೀರಿ, ಹಾಗಾಗಿ ವಸ್ತು ತಲುಪಿದೆ’ ಎನ್ನುತ್ತಾರೆ. ಆ ಅಂಕಿಯನ್ನು ಸೃಷ್ಟಿಸಿದ್ದು ಕಂಪನಿಯ ಕಂಪ್ಯೂಟರ್, ತಾಳೆ ನೋಡಿದ್ದೂ ಅದೇ. ಇಬ್ಬರಿಗೂ ಗೊತ್ತಿರುವ ಗುಟ್ಟನ್ನು ನಾನೇ ಹೇಳಿದೆನೆಂದು ಗ್ರಾಹಕರ ಆಯೋಗ ನಂಬುವುದಾದರೆ ಕಂಪನಿಯ ಮಾತನ್ನೇ ನಂಬಬೇಕು. ಡಿಜಿಟಲ್ ಸಹಿಯಲ್ಲಿ ಈ ತೊಡಕಿಲ್ಲ. ಸಹಿ ಹಾಕಲು ಬಳಸುವ ‘ಖಾಸಗಿ ಕೀಲಿ’ ಎಂಬ ಗುಟ್ಟಿನ ಸಂಖ್ಯೆ, ವಸ್ತು ಮಾರಿದವರಲ್ಲಿ ಮಾತ್ರ ಇರುತ್ತದೆ. ಆ ಸಹಿಯನ್ನು ಪರೀಕ್ಷಿಸುವ, ಅದಕ್ಕೆ ಜೋಡಿಯಾದ ಸಾರ್ವಜನಿಕ ಕೀಲಿಯನ್ನು ಯಾರು ಬೇಕಾದರೂ ಬಳಸಬಹುದು. ಸಹಿಯಾದ ಮೇಲೆ ಬೆಲೆಯಲ್ಲಿ ಒಂದು ಸೊನ್ನೆ ತಿದ್ದಿದರೂ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ನಾನು ದಾಖಲೆಯನ್ನು ತಿರುಚಿದರೂ ಅಷ್ಟೇ.

ಕಾನೂನಿನ ತಳಪಾಯ ಈಗಾಗಲೇ ಇದೆ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ದಲ್ಲೇ ಡಿಜಿಟಲ್ ಸಹಿಗೆ ಮಾನ್ಯತೆ ಕೊಟ್ಟಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಕಾರ, ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯವನ್ನೂ, ಅಂದರೆ ಕಡತದಿಂದ ಲೆಕ್ಕಹಾಕಿ ತೆಗೆದ ಬೆರಳಚ್ಚಿನಂಥ ಸಂಖ್ಯೆಯನ್ನೂ, ನಮೂದಿಸಬೇಕು. ಆ ನಮೂನೆಯಲ್ಲಿ ಹ್ಯಾಶ್ ತೆಗೆಯುವ ಹಳೆಯ ವಿಧಾನವಾದ ಎಸ್‌ಎಚ್‌ಎ-1ಕ್ಕೆ ಇನ್ನೂ ಜಾಗ ಕೊಟ್ಟಿರುವುದು ಬೇಸರದ ಸಂಗತಿ. ಎರಡು ಬೇರೆ ಬೇರೆ ಕಡತಗಳಿಗೆ ಅದರಿಂದ ಒಂದೇ ಹ್ಯಾಶ್ ಬರುವುದನ್ನು 2017ರಲ್ಲೇ ತೋರಿಸಿಯಾಗಿದೆ. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ತಕರಾರು ಎದ್ದ ಮೇಲೆ ತೆಗೆದ ಹ್ಯಾಶ್, ಅದಕ್ಕೂ ಮೊದಲೇ ಯಾರಾದರೂ ದಾಖಲೆ ತಿದ್ದಿದ್ದರೆ ಅದನ್ನು ಹೇಳಲಾರದು. ಹಾಗಾಗಿ ಸಹಿ ಬೀಳಬೇಕಾದದ್ದು ಕೊಂಡ ಕ್ಷಣದಲ್ಲೇ.

ವ್ಯಾಪಾರಿಗಳ ನಡುವೆ ಇದು ನಡೆಯುತ್ತಲೇ ಇದೆ. ವಾರ್ಷಿಕ 5 ಕೋಟಿ ರೂಪಾಯಿಗೂ ಹೆಚ್ಚಿನ ವಹಿವಾಟಿರುವವರು ಮತ್ತೊಬ್ಬ ನೋಂದಾಯಿತ ವ್ಯಾಪಾರಿಗೆ ಮಾರಿದಾಗ, ಸಾಮಾನ್ಯವಾಗಿ ಜಿಎಸ್‌ಟಿ ಇ-ಇನ್‌ವಾಯ್ಸ್‌ಗೆ (ಪೋರ್ಟಲ್‌ನಲ್ಲಿ ನೋಂದಾಯಿಸುವ ಬಿಲ್ಲಿಗೆ) ಆ ಪೋರ್ಟಲ್‌ನ ಡಿಜಿಟಲ್ ಸಹಿಯೂ 64 ಅಕ್ಷರಗಳ ಹ್ಯಾಶ್ ಸಂಖ್ಯೆಯೂ ಬೀಳುತ್ತವೆ. ತೆರಿಗೆಗಾಗಿ ಸಾಧ್ಯವಾದದ್ದು ಗ್ರಾಹಕರಿಗಾಗಿ ಏಕೆ ಸಾಧ್ಯವಿಲ್ಲ?

ಫೋನ್ ಬದಲು ಸಾಬೂನು ಬಂದರೆ ಸಹಿ ನೆರವಾಗದು. ಪೆಟ್ಟಿಗೆಯೊಳಗೆ ಏನಿದೆಯೆಂದು ಗಣಿತಕ್ಕೆ ಕಾಣಿಸುವುದಿಲ್ಲ. ಅಲ್ಲಿ ತೂಕದ ದಾಖಲೆ, ಎದುರಿಗೇ ತೆರೆದು ನೋಡುವ ಹಕ್ಕು ಬೇಕು. ಆದರೆ ಬೆಲೆ, ವಿವರಣೆ, ವಾರಂಟಿ, ಹಿಂದಿರುಗಿಸುವ ಷರತ್ತು ಇವುಗಳ ಬಗೆಗಿನ ವ್ಯಾಜ್ಯ ಸಹಿಯಿಂದಲೇ ಬಗೆಹರಿದೀತು.

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಅದೇ ನಿಯಮಗಳಿಗೆ ಇನ್ನೊಂದನ್ನು ಸೇರಿಸಿ: ಹಣ ಪಡೆದ ಕೂಡಲೇ ಷರತ್ತುಗಳ ಸಮೇತ ಸಹಿಯಾದ ದಾಖಲೆ ಗ್ರಾಹಕರಿಗೆ ಹೋಗಲಿ. ಕಳುಹಿಸದ ಕಂಪನಿಯ ವಿರುದ್ಧ ಗ್ರಾಹಕರ ಸ್ಕ್ರೀನ್‌ಶಾಟನ್ನೇ ನಿಜವೆಂದು ಭಾವಿಸಿ, ಸುಳ್ಳೆಂದು ಸಾಬೀತುಪಡಿಸುವ ಹೊರೆಯನ್ನು ಆ ಕಂಪನಿಯ ಮೇಲೆ ಹಾಕಿ.