ಬ್ಯಾಡಗಿ ಮೆಣಸಿನಕಾಯಿಗೆ ಇಲ್ಲದ ಖಾರ ಹಚ್ಚಿದ ಎಸ್‌ಇಒ ಮಹಾಶಯ

ನಮ್ಮದು ಬ್ಯಾಡಗಿಯಲ್ಲಿ ಒಣ ಮೆಣಸಿನಕಾಯಿ, ಖಾರದ ಪುಡಿ ವ್ಯಾಪಾರ. ಬೆಂಗಳೂರು, ಪುಣೆ ಕಡೆಯವರು ನೇರವಾಗಿ ತರಿಸಿಕೊಳ್ಳಲಿ ಅಂತ ಒಂದು ವೆಬ್‌ಸೈಟ್ ಮಾಡಿಸಿದ್ದೆವು. ಎಸ್‌ಇಒ ಮಾಡುತ್ತೇನೆ, ಅಂದರೆ ಅದನ್ನು ಗೂಗಲ್ ಹುಡುಕಾಟದಲ್ಲಿ ಮೇಲೆ ತರುತ್ತೇನೆ ಅಂತ ಹುಬ್ಬಳ್ಳಿಯಿಂದ ಒಬ್ಬ ಬಂದ. "ಸಾವ್ಕಾರ್ರ, ಮೂರು ತಿಂಗಳದಾಗ ಫಸ್ಟ್ ಪೇಜ್, ಫಸ್ಟ್ ನಂಬರ್. ಗ್ಯಾರಂಟಿ ಬರ್ದು ಕೊಡ್ತೀವ್ರಿ." ತಿಂಗಳಿಗೆ ಎಂಟು ಸಾವಿರ, ಅದೂ ಮುಂಗಡ.

ಮೊದಲನೇ ಸ್ಥಾನದ ಗ್ಯಾರಂಟಿ ಯಾರಿಂದಲೂ ಕೊಡೋಕಾಗಲ್ಲ ಅಂತ ಗೂಗಲ್ ತನ್ನ ಪುಟದಲ್ಲೇ ಬರೆದಿದೆ. ಇದೇ ಕೆಲಸ ಮಾಡಿ ಹೊಟ್ಟೆ ಹೊರೆಯುವವನಿಗೆ ಅದು ಗೊತ್ತಿರಲ್ವಾ? ಚೆನ್ನಾಗಿ ಗೊತ್ತಿರುತ್ತೆ.

ದುಡ್ಡು ಹೋಗಿದ್ದಕ್ಕಿಂತ ಜಾಸ್ತಿ ಸಿಟ್ಟು ಬಂದಿದ್ದು ಅವನು ಬರೆದಿದ್ದನ್ನು ನೋಡಿ. ಮುಖಪುಟದಲ್ಲಿ ದಪ್ಪ ಅಕ್ಷರದಲ್ಲಿ 'ದೇಶದ ಅತಿ ಖಾರದ ಬ್ಯಾಡಗಿ ಮೆಣಸಿನಕಾಯಿ'! ಅಲ್ಲಪ್ಪಾ, ಬ್ಯಾಡಗಿಗೆ ಹೆಸರು ಬಂದಿರೋದೇ ಬಣ್ಣಕ್ಕೆ. ಕಡು ಕೆಂಪು, ಖಾರ ಕಮ್ಮಿ. ಡಬ್ಬಿ ತಳಿ ಇರಲಿ, ಕಡ್ಡಿ ತಳಿ ಇರಲಿ, ಆ ಸುಕ್ಕುಗಟ್ಟಿದ ಕಾಯಿಯನ್ನು ಜನ ಒಯ್ಯೋದು ಸಾರು, ಮಸಾಲೆ ಕೆಂಪಗಾಗಲಿ, ಬಾಯಿ ಉರಿಯದಿರಲಿ ಅಂತ. 2011ರಲ್ಲಿ ಜಿಐ ಟ್ಯಾಗ್ ಸಿಕ್ಕ ಕಾಯಿ ಇದು. ಖಾರವೇ ಬೇಕು ಅಂದವರಿಗೆ ಗುಂಟೂರು ತಗೋರಿ ಅಂತ ಅಂಗಡಿಯಲ್ಲಿ ನಾವೇ ಹೇಳಿ ಕಳಿಸುತ್ತೇವೆ. ಕೇಳಿದರೆ ಅವನ ಉತ್ತರ: "ಮಂದಿ ಖಾರದ್ದ ಹುಡುಕ್ತಾರ್ರಿ, ಸರ್ಚ್ ವಾಲ್ಯೂಮ್ ಅದಕ್ಕ ಜಾಸ್ತಿ ಐತ್ರಿ." ಹುಡುಕಿದವರು ಬಂದರು, ತರಿಸಿಕೊಂಡರು, ಆಮೇಲೆ 'ಖಾರಾನೇ ಇಲ್ಲ, ಮೋಸ' ಅಂತ ಒಂದೊಂದು ಸ್ಟಾರ್ ಕೊಟ್ಟು ಹೋದರು. ಒಳ್ಳೆ ಮಾಲು ಕೊಟ್ಟು ಬೈಸಿಕೊಂಡೆವು.

ಒಂದು ಸ್ಟಾರ್ ಮುಚ್ಚಿಹಾಕಲು ಅವನೇ ಐದು ಸ್ಟಾರಿನ ರಿವ್ಯೂ ಹಾಕಿಸಿದ. ಅದರಲ್ಲಿ ಒಬ್ಬರು 'ರೂಮ್ ಕ್ಲೀನಾಗಿದೆ, ಬಿಸಿನೀರು ಬರುತ್ತೆ' ಅಂತ ಹೊಗಳಿದ್ದಾರೆ. ಮೆಣಸಿನಕಾಯಿ ಅಂಗಡಿಗೆ! ಸುಳ್ಳು ರಿವ್ಯೂ ಗೂಗಲ್ ನಿಯಮಕ್ಕೇ ವಿರುದ್ಧ. ಸಿಕ್ಕಿಬಿದ್ದರೆ ಹೆಸರು ಕೆಡೋದು ನಮ್ಮದು, ಅವನದಲ್ಲ.

ಇನ್ನು ಅವನ 'ಟೆಕ್ನಿಕಲ್ ಕೆಲಸ'. ಪುಟದ ಕೋಡಿನೊಳಗೆ ಹುಡುಕುವ ಪದಗಳನ್ನು ಬರೆದಿಡೋ ಕೀವರ್ಡ್ ಟ್ಯಾಗಿನಲ್ಲಿ ಊರಿನ ಹೆಸರೆಲ್ಲ ತುಂಬಿದ್ದಾನೆ. ಆ ಟ್ಯಾಗನ್ನು ರ‍್ಯಾಂಕಿಂಗಿಗೆ ನೋಡೋದೇ ಇಲ್ಲ ಅಂತ ಗೂಗಲ್ 2009ರಲ್ಲೇ ಹೇಳಿಯಾಗಿದೆ. ಬ್ಯಾಕ್‌ಲಿಂಕ್ (ಬೇರೆ ಸೈಟುಗಳಿಂದ ನಮ್ಮ ಸೈಟಿಗೆ ಹಾಕಿಸೋ ಲಿಂಕ್) ಅಂತ ಬಿಲ್ ಹಾಕಿದ್ದು ನೋಡಿದರೆ ಯಾವುದೋ ದೇಶದ ಜೂಜಿನ ಸೈಟುಗಳು. ಇಂಥ ಕೊಂಡುಕೊಂಡ ಲಿಂಕುಗಳ ಹಾವಳಿ ತಡೆಯೋಕೇ 2012ರಲ್ಲಿ ಗೂಗಲ್‌ನ ಹುಡುಕಾಟದ ಲೆಕ್ಕಾಚಾರಕ್ಕೆ ಪೆಂಗ್ವಿನ್ ಅನ್ನೋ ಅಪ್‌ಡೇಟ್ ಬಂತು. ನಮ್ಮವನ ಗಡಿಯಾರ ಅದಕ್ಕಿಂತ ಹಿಂದೆಯೇ ನಿಂತಿದೆ.

ರಿಪೋರ್ಟ್ ಕೊಡು ಅಂದರೆ ಅಂಗಡಿಯಲ್ಲೇ ಕೂತು ಮೊಬೈಲಿನಲ್ಲಿ ನಮ್ಮ ಅಂಗಡಿ ಹೆಸರನ್ನೇ ಟೈಪ್ ಮಾಡಿದ. "ನೋಡ್ರಿ, ಫಸ್ಟ್!" ನಮ್ಮ ಹೆಸರು ಹಾಕಿದರೆ ನಾವಲ್ಲದೆ ಪಕ್ಕದ ಬೀದಿಯವರು ಬರ್ತಾರಾ? ಆಮೇಲೆ 'ಮೆಣಸಿನಕಾಯಿ ಅಂಗಡಿ' ಅಂತ ಹುಡುಕಿ ಮ್ಯಾಪಿನಲ್ಲಿ ತೋರಿಸಿದ. ಹುಡುಕುವವನು ಎಷ್ಟು ಹತ್ತಿರ ಇದ್ದಾನೆ ಅನ್ನೋದನ್ನೂ ಗೂಗಲ್ ಲೆಕ್ಕಕ್ಕೆ ತಗೊಳ್ಳುತ್ತೆ. ನಮ್ಮ ಗಲ್ಲಾಪೆಟ್ಟಿಗೆ ಮುಂದೆ ಕೂತು ಹುಡುಕಿದರೆ ನಾವೇ ಕಾಣಬೇಕಲ್ಲ! ಪುಣೆಯಲ್ಲಿರೋ ನನ್ನ ತಂಗಿ ಹುಡುಕಿದರೆ ನಮ್ಮ ಪತ್ತೆಯೇ ಇಲ್ಲ.

ಗೂಗಲ್‌ನದೇ, ಪುಕ್ಕಟೆ ಸಿಗೋ ಸರ್ಚ್ ಕನ್ಸೋಲ್ ಅನ್ನೋ ಸಾಧನ ಇದೆ. ಯಾವ ಪದ ಹುಡುಕಿದಾಗ ನಮ್ಮ ಸೈಟ್ ಕಂಡಿತು, ಎಷ್ಟು ಜನ ಒತ್ತಿದರು, ಎಲ್ಲ ಅದರಲ್ಲಿ ಬರುತ್ತೆ. ಅದನ್ನು ಅವನು ತನ್ನ ಇಮೇಲಿಗೆ ಜೋಡಿಸಿಕೊಂಡಿದ್ದಾನೆ. ಸೈಟಿನ ಪಾಸ್‌ವರ್ಡೂ ಅವನ ಹತ್ತಿರವೇ. ಫೋನ್ ಮಾಡಿದರೆ "ಮೀಟಿಂಗ್‌ನಾಗ ಅದೀನ್ರಿ". ಆ 'ಅತಿ ಖಾರದ' ಅನ್ನೋ ಪದ ತೆಗೆಸೋಕೂ ನಾವು ಅವನ ಕಾಲು ಹಿಡೀಬೇಕು.

ನಿನ್ನೆ ಅವನೇ ಫೋನ್ ಮಾಡಿದ. ಪಾಸ್‌ವರ್ಡ್ ಕೊಡೋಕೆ ಅಂದುಕೊಂಡೆ. ಅಲ್ಲ. "ಸಾವ್ಕಾರ್ರ, ಈಗ ಎಲ್ಲಾರೂ ಎಐ ಕೇಳ್ತಾರ್ರಿ. ಚಾಟ್‌ಜಿಪಿಟಿಯೊಳಗ ನಿಮ್ಮ ಹೆಸರು ಬರೂಹಂಗ ಮಾಡ್ತೀವಿ. ಹೊಸ ಪ್ಯಾಕೇಜ್, ತಿಂಗಳಿಗೆ ಹನ್ನೆರಡು ಸಾವಿರ, ಗ್ಯಾರಂಟಿ."