ಟ್ರ್ಯಾಕಿಗೆ ಇಳಿಯುವ ಮೊದಲೇ ಕಿಸೆ ಖಾಲಿ

ಇನ್ನು ತಡೆಯಲಿಕ್ಕೆ ಆಗುವುದಿಲ್ಲ ಮಾರಾಯ್ರೆ, ಬೈಕ್ ರೇಸಿನ ಫೀ ಬಗ್ಗೆ ಬರೆದೇ ಬಿಡ್ತೇನೆ. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲದ ಗ್ಯಾರೇಜಲ್ಲಿ ಸ್ಪ್ಯಾನರ್ ಹಿಡಿಯುವ ಹುಡುಗರು ಬೈಕ್ ರೇಸಿಗೆ ಆಸೆ ಪಡಲೇಬಾರದಾ?

ಮೊದಲು ಕಾಂಪಿಟಿಷನ್ ಲೈಸೆನ್ಸ್, ಅಂದರೆ ರೇಸಿಗೆ ಇಳಿಯಲಿಕ್ಕೆ ಬೇಕಾದ ಪರವಾನಗಿ. ಆರ್‌ಟಿಒ ಕೊಡುವ ಲೈಸೆನ್ಸ್ ಇದ್ದರೆ ಸಾಲದು, ಇದು ಬೇರೆಯೇ. ಮೆಡಿಕಲ್ ಸರ್ಟಿಫಿಕೇಟ್ ಬೇಕು, 18 ತುಂಬದವನಿಗೆ ಮನೆಯವರ ಸಹಿ ಬೇಕು. ಕೇಳಲಿ, ಕೇಳಬೇಕಾದ್ದೇ. ಇನ್ಶೂರೆನ್ಸಿಗೆ, ಟ್ರ್ಯಾಕ್ ಪಕ್ಕ ನಿಲ್ಲುವ ಆಂಬ್ಯುಲೆನ್ಸಿಗೆ ದುಡ್ಡು ಕೊಡಲಿಕ್ಕೆ ನನ್ನ ತಕರಾರಿಲ್ಲ. ಆದರೆ ಆ ಲೈಸೆನ್ಸ್ ಡಿಸೆಂಬರ್ 31ಕ್ಕೆ ಮುಗಿದೇ ಹೋಗ್ತದೆ. ನಮ್ಮಲ್ಲಿ ಮಳೆಗಾಲ ಕಳೆದು ಕೈಯಲ್ಲಿ ನಾಲ್ಕು ಕಾಸು ಓಡಾಡುವಾಗ ಅಕ್ಟೋಬರ್ ಆಗಿರ್ತದೆ. ಆಗ ಮಾಡಿಸಿದವನಿಗೆ ಎರಡೋ ಮೂರೋ ತಿಂಗಳು ಸಿಕ್ಕೀತು, ಜನವರಿಯಲ್ಲಿ ಪುನಃ ದುಡ್ಡು ಕಟ್ಟಬೇಕು. ಮಾಡಿಸಿದ ದಿನದಿಂದ ಒಂದು ವರ್ಷ ಅಂತ ಲೆಕ್ಕ ಹಿಡಿದರೆ ಯಾರ ಗಂಟು ಹೋಗ್ತದೆ?

ಮತ್ತೆ ಎಂಟ್ರಿ ಫೀ. ಅದೂ ಕ್ಲಾಸಿಗೊಂದು; ಕ್ಲಾಸ್ ಅಂದರೆ ಎಂಜಿನ್ ಗಾತ್ರ, ಸವಾರನ ಅನುಭವ ನೋಡಿ ಮಾಡಿದ ವಿಭಾಗ. 165 ಸಿಸಿಯಲ್ಲಿ ಒಮ್ಮೆ ಕಟ್ಟಿ, ಅದೇ ಬೈಕಿನಲ್ಲಿ ಇನ್ನೊಂದು ಕ್ಲಾಸಿಗೆ ಇಳಿಯುವುದಿದ್ದರೆ ಮತ್ತೊಮ್ಮೆ ಕಟ್ಟಬೇಕು. ಮೇಲಿಂದ ಜಿಎಸ್‌ಟಿ 18%, ತಡವಾದರೆ ಲೇಟ್ ಫೀ. ಮೊದಲ ತಿರುವಿನಲ್ಲೇ ಬಿದ್ದು ಹೊರಗೆ ಬಂದರೂ ಒಂದು ಪೈಸೆ ವಾಪಸಿಲ್ಲ. ಊರಿನ ಕಬಡ್ಡಿ ಟೂರ್ನಮೆಂಟಿಗೆ ಏಳು ಮಂದಿ ಹಂಚಿಕೊಂಡು ಫೀ ಕಟ್ತಾರೆ, ಗೆದ್ದರೆ ನಗದು ಬಹುಮಾನ ಉಂಟು. ಇಲ್ಲಿ ಒಬ್ಬನೇ ಕಟ್ಟಬೇಕು, ಗೆದ್ದವನಿಗೂ ಎಷ್ಟೋ ಸಲ ಟ್ರೋಫಿ ಮಾತ್ರ.

ರೋಡ್ ರೇಸ್, ಅಂದರೆ ರೇಸಿಗೆಂದೇ ಕಟ್ಟಿದ ಟಾರು ಟ್ರ್ಯಾಕಿನಲ್ಲಿ ಓಡಿಸುವ ರೇಸಿಗೆ, ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಚೆನ್ನೈ ಹತ್ತಿರದ ಇರುಂಗಾಟುಕೋಟೈಗೋ ಹೋಗಬೇಕು. ರೇಸಿಗೆಂದು ಲೈಟ್, ನಂಬರ್ ಪ್ಲೇಟ್ ಕಳಚಿದ ಬೈಕನ್ನು ಓಡಿಸಿಕೊಂಡು ಹೋಗಲಿಕ್ಕಾಗ್ತದಾ? ಪಿಕಪ್ ಬಾಡಿಗೆ, ಟಯರ್, ಸೂಟ್, ಬೂಟ್ ಎಲ್ಲ ನಮ್ಮದೇ.

ಒಬ್ಬ ಆಯೋಜಕರ ಹತ್ತಿರ ಕೇಳಿದೆ, "ಸರ್, ಹೊಸ ಹುಡುಗರಿಗೆ ಸ್ವಲ್ಪ ಕಮ್ಮಿ ಮಾಡಬಹುದಲ್ಲ?" "ಕೈಲಾಗದಿದ್ದರೆ ಯಾಕೆ ಬರ್ತೀರಿ?" ಅಂದರು. ನನ್ನ ಜೊತೆ ಬಂದಿದ್ದ ಹುಡುಗ ತಲೆ ತಗ್ಗಿಸಿ ನಿಂತಿದ್ದ. ಆ ಮಾತು ನನಗೆ ಇವತ್ತಿಗೂ ಉರೀತದೆ.

ನಮ್ಮ ಕಡೆ ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಆರು ಪಥ ಆಗಿದೆ. ರಾತ್ರಿ ಅಲ್ಲಿ ಹುಡುಗರು ಪಂಥ ಕಟ್ಟಿ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಲ್ಲಿ ಮೊದಲ ಸಲ 5,000 ರೂಪಾಯಿವರೆಗೆ ದಂಡ, ಜೈಲೂ ಆಗಬಹುದು. ಆಗಲೇಬೇಕು, ಅಲ್ಲಿ ಓಡಿಸಿದರೆ ಯಾರದ್ದಾದರೂ ಜೀವ ಹೋಗ್ತದೆ. "ಟ್ರ್ಯಾಕಿಗೆ ಹೋಗಿ ಓಡಿಸ್ರೋ" ಅಂತ ನಾನೇ ಎಷ್ಟು ಸಲ ಬೈದಿದ್ದೇನೆ. ಆದರೆ ಟ್ರ್ಯಾಕಿನಲ್ಲಿ ಒಂದು ವಾರಾಂತ್ಯದ ಖರ್ಚು ಆ ದಂಡಕ್ಕಿಂತ ಜಾಸ್ತಿ ಬೀಳ್ತದೆ. ಯಾವ ಬಾಯಲ್ಲಿ ಬುದ್ಧಿ ಹೇಳಲಿ?

ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಮರುಭೂಮಿಯ ಡಾಕರ್ ರ್ಯಾಲಿ ಮುಗಿಸಿದಾಗ ಇಲ್ಲಿನ ಹುಡುಗರೆಲ್ಲ ಕುಣಿದಿದ್ದರು. ಅಂಥ ಇನ್ನೊಬ್ಬ ಈ ಕರಾವಳಿಯಿಂದ ಬರಬೇಕಾದರೆ ಮೊದಲ ರೇಸಿಗಾದರೂ ಅವನನ್ನು ಒಳಗೆ ಬಿಡಬೇಕಲ್ಲ! ಆಯೋಜಕರೇ, ಬೈಕ್ ಕಂಪನಿಯ ಫ್ಯಾಕ್ಟರಿ ಟೀಮಿನವನಿಗೂ ದಿನಗೂಲಿಯವನಿಗೂ ಒಂದೇ ಫೀ ಇಡಬೇಡಿ. ಹೊಸಬರ ನೊವೀಸ್ ಕ್ಲಾಸಿಗೆ ಅರ್ಧ ಮಾಡಿ. ಕಟ್ಟಿದ ಹಣದಲ್ಲಿ ಟ್ರ್ಯಾಕಿಗೆಷ್ಟು, ಇನ್ಶೂರೆನ್ಸಿಗೆಷ್ಟು, ನಿಮಗೆಷ್ಟು ಅಂತ ಫಾರ್ಮಿನಲ್ಲೇ ಬರೆಯಿರಿ.