ಪತ್ರೊಡೆ ಎಷ್ಟಕ್ಕೆ, ಅಕ್ಕ?

ಬೆಳಿಗ್ಗೆ ಡೊಂಬಿವಲಿ ಫಾಸ್ಟ್ ಲೋಕಲ್‌ನಲ್ಲಿ ಜೋತುಬಿದ್ದಿದ್ದೆ. ಬಿಲ್ಡಿಂಗ್ ಗ್ರೂಪಿಗೆ ಒಂದು ಪೋಸ್ಟರ್ ಬಂದು ಬಿತ್ತು. ಮೂರನೇ ಮಹಡಿಯ ಅಕ್ಕನ ಪತ್ರೊಡೆ ಜಾಹೀರಾತು. ಅದೇ, ಕೆಸುವಿನೆಲೆಗೆ ಹಿಟ್ಟು ಹಚ್ಚಿ ಸುರುಳಿ ಸುತ್ತಿ ಬೇಯಿಸುವ ತಿಂಡಿ. (ಅವರ ಕೈರುಚಿ ಬಗ್ಗೆ ಇಲ್ಲಿ ಎಷ್ಟು ಸಲ ಕೊರೆದಿದ್ದೇನೆ ಅಂತ ನಿಮಗೆ ಗೊತ್ತು.) ನೋಡಿ ತಲೆ ಕೆಟ್ಟಿತು.

ಸುತ್ತ ಚಿನ್ನದ ಬಣ್ಣದ ಅಂಚು. ನಡುವೆ ಎಐ ಚಿತ್ರ. ಅದರಲ್ಲಿ ಕೆಸುವಿನೆಲೆಯೇ ಇಲ್ಲ! ಎಲೆಕೋಸಿನ ಸುರುಳಿ, ಮೇಲೆ ದಾಳಿಂಬೆ ಕಾಳು. ಕೆಳಗೆ ‘ಪರಂಪರೆಯ ರುಚಿ, ಪ್ರೀತಿಯ ಸ್ಪರ್ಶ. ಇಂದೇ ಸಂಪರ್ಕಿಸಿ.’ ಯಾರನ್ನು? ನಂಬರೇ ಇಲ್ಲ. ಎಷ್ಟಕ್ಕೆ? ಇಲ್ಲ. ಯಾವತ್ತು ಸಿಗುತ್ತೆ? ಅದೂ ಇಲ್ಲ.

ಬಿಲ್ಡಿಂಗಿನವರಿಗೆ ಅಕ್ಕ ಗೊತ್ತು, ಸರಿ. ಆದರೆ ಯಾರೋ ಇದನ್ನು ಥಾಣೆಯ ನಾದಿನಿಗೆ ಫಾರ್ವರ್ಡ್ ಮಾಡುತ್ತಾರೆ. ಫಾರ್ವರ್ಡ್ ಆದ ಮೆಸೇಜಿನಲ್ಲಿ ಮೊದಲು ಕಳಿಸಿದವರ ನಂಬರ್ ಬರುವುದಿಲ್ಲ. ಪೋಸ್ಟರ್ ಊರೆಲ್ಲ ಸುತ್ತುತ್ತೆ, ಆರ್ಡರ್ ಮಾತ್ರ ಬರಲ್ಲ.

ಸಂಜೆ ಮೇಲೆ ಹೋಗಿ ಕೇಳಿಯೇ ಬಿಟ್ಟೆ. ‘ರೇಟು ಯಾಕೆ ಹಾಕಲಿಲ್ಲ ಅಕ್ಕ?’

‘ಹಾಕಿದ್ರೆ ಬಿ ವಿಂಗಿನವಳು ಐದು ರೂಪಾಯಿ ಕಮ್ಮಿ ಮಾಡ್ತಾಳೆ ಮಾರಾಯ.’

ಮಾಡಬಹುದು. ಆದರೆ ಬಿ ವಿಂಗಿನವಳಿಗೆ ಇವರ ರೇಟು ಗೊತ್ತಿಲ್ವಾ? ಇಬ್ಬರ ಮನೆಗೂ ಕೆಲಸಕ್ಕೆ ಬರುವವಳು ಒಬ್ಬಳೇ! ಗೊತ್ತಿಲ್ಲದಿರುವುದು ಗಿರಾಕಿಗೆ ಮಾತ್ರ. ಅವರಿಗೆ ಕೇಳಲು ಸಂಕೋಚ. ಕೇಳಿದ ಮೇಲೆ ಬೇಡ ಅನ್ನಲು ಇನ್ನೂ ಸಂಕೋಚ. ಸುಮ್ನೆ ಒಂದು ಹೆಬ್ಬೆರಳು ಒತ್ತಿ ಮುಂದೆ ಹೋಗುತ್ತಾರೆ.

ಮಾಟುಂಗದ ಉಡುಪಿ ಹೋಟೆಲಿನ ಬಾಗಿಲಲ್ಲಿ ಕರಿಹಲಗೆ ನೋಡಿದ್ದೀರಲ್ವಾ? ಇವತ್ತಿನ ತಿಂಡಿ, ಪಕ್ಕದಲ್ಲಿ ರೇಟು. ಪರಂಪರೆಯೂ ಇಲ್ಲ, ಸ್ಪರ್ಶವೂ ಇಲ್ಲ. ಹೊರಗೆ ಜನ ಕ್ಯೂ ನಿಂತಿರುತ್ತಾರೆ.

ಇನ್ನೊಂದು ತಲೆನೋವು. ನಮ್ಮ ಬಿಲ್ಡಿಂಗಿನಲ್ಲಿ ಮರಾಠಿಯವರೇ ಜಾಸ್ತಿ. ಪತ್ರೊಡೆ ಅಂದರೆ ಕಣ್ಣು ಕಣ್ಣು ಬಿಡುತ್ತಾರೆ. ಅಳೂವಡಿ ಅನ್ನಿ, ಬಾಯಲ್ಲಿ ನೀರು. ಗುಜರಾತಿಗಳಿಗೆ ಅದು ಪಾತ್ರಾ. ಅವರಿಬ್ಬರದೂ ಕಡಲೆಹಿಟ್ಟು, ನಮ್ಮದು ಅಕ್ಕಿ ರುಬ್ಬಿ ಹಚ್ಚಿದ್ದು. ‘ಅಕ್ಕಿಯ ಮಂಗಳೂರು ಅಳೂವಡಿ’ ಅಂತ ಒಂದು ಸಾಲು ಮರಾಠಿಯಲ್ಲಿ ಹಾಕಿದ್ದರೆ ಸಾಕಿತ್ತು. ಚಿನ್ನದ ಅಂಚಿಗೆ ಜಾಗ ಇದೆ, ಇದಕ್ಕಿಲ್ಲ.

‘ನಾಳೆ ಬ್ರಾಡ್‌ಕಾಸ್ಟ್ ಹಾಕ್ತೇನೆ’ ಅಂದರು ಅಕ್ಕ. ವಾಟ್ಸ್ಆಪ್ ಬ್ರಾಡ್‌ಕಾಸ್ಟ್ ಲಿಸ್ಟ್ ಅಂದರೆ ಒಂದೇ ಮೆಸೇಜು ತುಂಬ ಜನರಿಗೆ ಒಬ್ಬೊಬ್ಬರಿಗಾಗಿ ಹೋಗುವುದು. ಆದರೆ ಇವರ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಹೋಗುತ್ತೆ. ಡಬ್ಬಿ ಕೊಡುವಾಗಲೇ ‘ನಂಬರ್ ಸೇವ್ ಮಾಡ್ಕೊಳ್ಳಿ’ ಅನ್ನಬೇಕಿತ್ತು. ಅಂದಿಲ್ಲ. ನಾಚಿಕೆಯಂತೆ.

ನಾನೇನು ಮಹಾ ಜಾಣ ಅಲ್ಲ. 2009ರಲ್ಲಿ ನನ್ನ ಝೆರಾಕ್ಸ್ ಅಂಗಡಿ ಮುಳುಗಿದ್ದು ನಿಮಗೆಲ್ಲ ಗೊತ್ತು. ಪಾಂಪ್ಲೆಟ್ ಕಥೆ ಮಾತ್ರ ಹೇಳಿರಲಿಲ್ಲ. ಪೇಪರ್ ಹಾಕುವವನ ಕೈಲಿ ಎರಡು ಸಾವಿರ ಹಂಚಿಸಿದ್ದೆ. ‘ಗುಣಮಟ್ಟವೇ ನಮ್ಮ ಗುರಿ’ ಅಂತ ದಪ್ಪ ಅಕ್ಷರ. ಪುಟಕ್ಕೆ ಎಷ್ಟು ಅಂತ ಇರಲಿಲ್ಲ. ಅಂಗಡಿ ಸ್ಟೇಷನ್ನಿನ ಯಾವ ಬದಿಗೆ ಅಂತಲೂ ಇರಲಿಲ್ಲ. ಡೊಂಬಿವಲಿಯಲ್ಲಿ ಈಸ್ಟೋ ವೆಸ್ಟೋ ಹೇಳದೆ ಅಂಗಡಿ ತೆರೆದ ಪುಣ್ಯಾತ್ಮ ನಾನೊಬ್ಬನೇ ಇರಬೇಕು.

ಅದಕ್ಕೇ ಅಕ್ಕನ ಮೇಲೆ ಅಷ್ಟು ಸಿಟ್ಟು ಬಂತೋ ಏನೋ. ಅಲ್ಲೇ ಕೂತು ಅವರ ಫೋನಿನಲ್ಲಿ ನಾಲ್ಕು ಸಾಲು ಟೈಪ್ ಮಾಡಿದೆ. ಏನು, ಯಾವತ್ತು, ಯಾವ ನಂಬರ್. ರೇಟಿನ ಜಾಗ ಮಾತ್ರ ಖಾಲಿ ಬಿಟ್ಟೆ.

‘ಮೊದಲ ಆರ್ಡರ್ ನನ್ನದೇ, ಒಂದು ಡಜನ್ ಬರೆದುಕೊಳ್ಳಿ. ಎಷ್ಟಾಗುತ್ತೆ?’

‘ಅಯ್ಯೋ, ನಿನ್ನ ಹತ್ರ ಎಂಥ ಲೆಕ್ಕ ಮಾರಾಯ. ಆಮೇಲೆ ಹೇಳ್ತೇನೆ.’